ಒಂದಕ್ಷರ ಕಡಿಮೆ

ಗುರುವಾರ ಸಂಜೆಯಿಂದ ಊರಿಗೆ ನೆಟ್ ಇಲ್ಲ.
ಬಿಜೈಯ ಈ ನಾಲ್ಕನೇ ಮಾಳಿಗೆಯಲ್ಲಿ, ನನ್ನ ಮೊಬೈಲಿನೊಳಗೆ
ಒಂದು ಬಿಳಿ ಚಕ್ರ ಸುತ್ತುತ್ತಾ ಉಂಟು,
ಗಾಣಕ್ಕೆ ಕಟ್ಟಿದ ಎತ್ತು, ಎಣ್ಣೆ ಇಲ್ಲ.

ಪಕ್ಕದ ಮನೆಯ ಪ್ರಜ್ವಲಾ ಬಂದು ಕೇಳಿದಳು:
ಅಂಕಲ್, ನೀವು ಗಲ್ಫಿನಲ್ಲಿ ಇದೇ ಲೈನಿನಲ್ಲಿ ಇದ್ದದ್ದಲ್ಲವಾ,
ಇದನ್ನು ಎಲ್ಲಿ ಬಂದ್ ಮಾಡುವುದು? ಟವರಿನಲ್ಲಾ?
ಎಂತದೋ ಹೇಳಿದೆ. ವೈರು, ಕೇಬಲು.
ಒಬ್ಬ ಮನುಷ್ಯ ಎಂದು ಹೇಳಲಿಲ್ಲ.

ಹೊರಗೆ ನಲವತ್ತೆಂಟು ಡಿಗ್ರಿ, ಒಳಗೆ ಸ್ವೆಟರು ಹಾಕಿ ಕೂತವ,
ಯಾಕೆಂದರೆ ಯಂತ್ರಗಳಿಗೆ ಚಳಿ ಬೇಕು.
ಬೆಳಿಗ್ಗೆ ಏಳು ಗಂಟೆಗೆ ಪಟ್ಟಿ ಬರುತ್ತಿತ್ತು, ಮೊಹರು ಒತ್ತಿದ್ದು,
ಮುಚ್ಚಬೇಕಾದ ವಿಳಾಸಗಳು.
ಹನ್ನೊಂದು ವರ್ಷ ಮುಚ್ಚಿದೆ.
ಮುಚ್ಚಿದ ಕಡೆಯೆಲ್ಲ ಒಂದು ಚಿತ್ರ ಮೂಡುತ್ತಿತ್ತು,
ಖರ್ಜೂರದ ಮರ, ಬುಡದಲ್ಲಿ ಕ್ಷಮೆ ಕೋರುವ ಎರಡು ಸಾಲು.
ಬಹಳ ಮರ್ಯಾದೆಯ ಸರಕಾರ.

ಒಬ್ಬಳು ಇದ್ದಳು. ಹೆಸರು ಗೊತ್ತಿಲ್ಲ.
ಇಂದು ಮುಚ್ಚಿದರೆ ನಾಳೆ ಬೇರೆ ವಿಳಾಸದಲ್ಲಿ
ಅದೇ ನೀಲಿ ಅಂಚಿನ ಪುಟ.
ಅವಳ ಭಾಷೆ ನನಗೆ ಬಲದಿಂದ ಎಡಕ್ಕೆ ಹೊರಟ ಇರುವೆ ಸಾಲು.
ಚಹಾ ತರುವ ಉಳ್ಳಾಲದ ಹಮ್ಮಬ್ಬನಿಗೆ ಓದಲು ಬರುತ್ತಿತ್ತು,
ಮದ್ರಸದಲ್ಲಿ ಕಲಿತದ್ದು, ಅರ್ಥ ಬಾರದು.
ಅವನು ತಗ್ಗಿದ ದನಿಯಲ್ಲಿ ಓದುವುದು,
ನಾನು ಕೇಳುವುದು.
ನಾಲಗೆ ಇದ್ದವನೊಬ್ಬ, ಬೀಗದ ಕೈ ಇದ್ದವನೊಬ್ಬ,
ನಡುವೆ ಇಬ್ಬರಿಗೂ ತಿಳಿಯದ ಮಾತು,
ಏಸಿಯ ಸದ್ದು.

ಲೆಕ್ಕದ ಕೋಣೆಯ ಮುದುಕ, ಅಲ್ಲಿಯವನೇ,
ಒಮ್ಮೆ ಬಾಗಿಲು ಮುಂದೆ ಮಾಡಿ ಒಂದೇ ಒಂದು ಸಾಲು ಬಿಡಿಸಿ ಹೇಳಿದ:
ತಮ್ಮನನ್ನು ಕರಕೊಂಡು ಹೋಗಿ ನಲವತ್ತು ದಿನ,
ಚಪ್ಪಲಿ ಹೊಸ್ತಿಲಲ್ಲೇ ಇದೆ, ಬರಿಗಾಲಲ್ಲಿ ಹೋಗಿದ್ದಾನೆ.
ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ,
ನಾನು ಏನೂ ಹೇಳಲಿಲ್ಲ, ಅಂದ.

ಆ ರಾತ್ರಿಪಾಳಿಯಲ್ಲಿ ಅವಳ ವಿಳಾಸ ಒತ್ತುವಾಗ
ಒಂದಕ್ಷರ ಬಿಟ್ಟುಹೋಯಿತು.
ಬಿಟ್ಟೆನೋ, ಬಿಟ್ಟುಹೋಯಿತೋ,
ಕುಮ್ಸಾರಿಗೆ ಮೊಣಕಾಲೂರಿ ಪಾದ್ರಿಯವರಿಗೂ
ಎರಡು ಸಲ ಎರಡು ರೀತಿ ಹೇಳಿದ್ದೇನೆ.
ಬೆಳಗಿನವರೆಗೆ ಬಾಗಿಲು ತೆರೆದೇ ಇತ್ತು.
ನಾಲ್ಕು ಸಾವಿರ ಜನ ಆ ಚಪ್ಪಲಿ ದಾಟಿ ಒಳಗೆ ಬಂದರು.
ಪರದೆಯ ಮೂಲೆಯಲ್ಲಿ ಅಂಕೆ ಏರುವುದನ್ನು
ಹಮ್ಮಬ್ಬ ಲೋಟ ಕೆಳಗಿಡದೆ ನೋಡಿದ.
ಏಳು ಗಂಟೆಗೆ ನಾನೇ ಸರಿಪಡಿಸಿದೆ.

ಮತ್ತೆ ಒಂದು ವಾರ ಪಟ್ಟಿಯಲ್ಲಿ ಅವಳಿಲ್ಲ. ಎರಡು ವಾರ.
ಹೋಗಲಿ ಎಂದು ಬಿಟ್ಟರೋ ಏನೋ, ಅಂದೆ.
ಹಮ್ಮಬ್ಬ ಎಂದೂ ಸಕ್ಕರೆ ಮರೆತವನಲ್ಲ.
ಅಂದಿನ ಚಹಾ ಸಪ್ಪೆ.

ಈ ಫ್ಲ್ಯಾಟು, ಮಗಳ ನರ್ಸಿಂಗು, ಅಮ್ಮನ ಕಣ್ಣಿನ ಆಪರೇಷನ್ನು,
ಎಲ್ಲ ಅದೇ ಖರ್ಜೂರದ ಮರದ ಫಲ.
ಸಿಹಿ ಇತ್ತು, ಸುಳ್ಳು ಯಾಕೆ ಹೇಳಬೇಕು.

ಉರ್ವ ಮಾರ್ಕೆಟಿಗೆ ಇಳಿದೆ.
ವಾರಿಜಕ್ಕನ ಬುಟ್ಟಿಗೆ ಆನಿಸಿಟ್ಟ ಸ್ಕ್ಯಾನಿನ ಹಾಳೆಗೆ
ಮೀನಿನ ಹುರುಪೆ ಅಂಟಿ ಒಣಗಿದೆ.
ನೆಟ್ ಇಜ್ಜಿ ಪೊರ್ಬುಳೇ, ಅಂದಳು,
ಬಲೆ ಮಾತ್ರ ಇರುವುದು ಈಗ.
ಆರು ಬಂಗುಡೆ. ಕಿಸೆಯಲ್ಲಿ ನಗದಿಲ್ಲ.
ಪೋಲೀಸ್ ಜೀಪೊಂದು ಮೆಲ್ಲನೆ ದಾಟಿತು,
ಗುಂಪು ಸೇರಬೇಡಿ ಎಂದು ಮೈಕು.
ಇಬ್ಬರೇ ಇದ್ದೆವು, ಮೀನು ಬಿಟ್ಟರೆ.

ಯಾವುದೋ ತಣ್ಣಗಿನ ಕೋಣೆಯಲ್ಲಿ ಸ್ವೆಟರು ಹಾಕಿದ ಹುಡುಗನೊಬ್ಬ
ಈಗ ನನ್ನ ಊರನ್ನು ಬೆರಳಿನಿಂದ ಒತ್ತುತ್ತಿರಬಹುದು.
ಅವನಿಗೆ ಕನ್ನಡ ಬರುತ್ತದೋ ಇಲ್ಲವೋ.
ಚಹಾ ಯಾರು ತರುತ್ತಾರೋ.

ವಾರಿಜಕ್ಕ ಒದ್ದೆ ಕೈ ಸೆರಗಿಗೆ ಒರೆಸಿ ಪುಸ್ತಕ ತೆಗೆದಳು,
ಕೊಡಬೇಕಾದವರ ಪಟ್ಟಿಯ ಕೊನೆಗೆ
ಪೆನ್ನು ಒತ್ತಿ ಒತ್ತಿ ಬರೆದಳು:
ಸಿಪ್ರನ್, ಬಂಗುಡೆ ಆರು.

ನಾನು ಸಿಪ್ರಿಯನ್.
ಸರಿಪಡಿಸಲು ಬಾಯಿ ತೆರೆದೆ.
ಬಿಟ್ಟೆ.